ಡಿ ಡ್ರೈವಿನ್ಯಾಗಿನ ಅತ್ತಿಯವರ ಹಾಡು

ಹ್ವಾದ ವಾರ ಬಾಜೂ ಮನಿ ವೈನಿಯವರ ಮಗಳು ಲ್ಯಾಪ್‌ಟಾಪ್ ಬಗಲಾಗ ಹಿಡಕೊಂಡು ಬಂದಿದ್ಲು. "ಕಾಕೂ, ಇದರಾಗ ವಿಂಡೋಸ್ ಇದ್ದಂಗ ಇಟ್ಟು ಬಾಜೂಕ ಉಬುಂಟು ಹಾಕಬೇಕು. ಕಾಲೇಜಿನ್ಯಾಗ ಹೇಳ್ಯಾರ. ನಿಮಗ ಬರ್ತದಂತಲ್ಲಾ?" ಅಂದ್ಲು. ಬರ್ತದ ಅನ್ನೂದು ದೊಡ್ಡ ಮಾತಾತು. ಒಮ್ಮೆ ಕೈ ಸುಟ್ಟುಕೊಂಡೀನಿ, ಅಷ್ಟ.

ನಾ ಮದಲ ಕೇಳಿದ್ದು ಒಂದ ಪ್ರಶ್ನೆ. "ನಿಮ್ಮಜ್ಜಿ ಫೋಟೋ, ನಿಮ್ಮಪ್ಪನ ಕಾಗದಪತ್ರ ಎಲ್ಲಾ ಇದರಾಗ ಅವ ಏನು?" ಅವ ಅಂದ್ಲು. "ಬ್ಯಾರೆ ಎಲ್ಲೆರೆ ಅವ ಏನು?" ಹುಡಿಗಿ ಸುಮ್ಮನಾದ್ಲು. ಹಂಗಾದ್ರ ಮದಲ ಚಹಾ ಕುಡಿ, ಕೂಡು ಅಂತ ಹೇಳಿ ನಮ್ಮ ಮನಿ ಕಥಿ ಹೇಳಿದೆ. ರಾತ್ರಿ ವೈನಿ ಗ್ವಾಡಿ ಮ್ಯಾಲಿಂದನ, "ಅದನ್ನ ಬರದ ಹಾಕ್ರಲಾ, ನಮಗೂ ತಿಳೀಲಿ" ಅಂದ್ರು. ಅದಕ್ಕ ಬರದೀನಿ. ನಡುವ ಒಂದಿಷ್ಟು ಲೆಕ್ಕ ಬರ್ತದ, ಹೆದರಬ್ಯಾಡ್ರಿ. ಹಪ್ಪಳದ ಹಿಟ್ಟಿನ ಲೆಕ್ಕಕ್ಕಿಂತ ಕಠಿಣ ಏನಿಲ್ಲ.

ಇದು 2001ರ ಬ್ಯಾಸಗಿ ಮಾತು. ಮಾಳಮಡ್ಡಿ ಮನ್ಯಾಗ ಕಂಪ್ಯೂಟರ್ ಬಂದು ಒಂದು ವರ್ಷದ ಮ್ಯಾಲಾಗಿತ್ತು. ಬಿಡಿ ಸಾಮಾನು ತಂದು ಜೋಡಿಸಿದ್ದು. 20 ಜಿಬಿ ಡಿಸ್ಕು. "ಮೊಮ್ಮಕ್ಕಳ ಕಾಲಕ್ಕೂ ಇದು ತುಂಬೂದಿಲ್ರಿ" ಅಂದಿದ್ದ ಅಂಗಡಿಯವ. ಈಗ ನನ್ನ ಫೋನಿನ್ಯಾಗ ಶುಭೋದಯದ ಚಿತ್ರನ ಅದಕ್ಕಿಂತ ಜಾಸ್ತಿ ಇದ್ದಾವು.

ಆ ಡಿಸ್ಕಿನ್ಯಾಗ ವಿಂಡೋಸ್ 98 ಇತ್ತು. ಸಿ ಅಂತ ಒಂದು ಪಾಲು, ಡಿ ಅಂತ ಒಂದು ಪಾಲು, ಕಡೀಕ ಐದ ಜಿಬಿ ಖಾಲಿ. ಸಿ ಒಳಗ ಏನಿತ್ತೋ ನನಗ ಬೇಕಾಗಿದ್ದಿಲ್ಲ. ಡಿ ಒಳಗ ನಮ್ಮ ಅತ್ತಿಯವರ ಹಾಡು ಇದ್ದುವು.

ಅತ್ತಿಯವರ ಹಾಡು ಕೇಳಿದವರು ನಿಮ್ಮೊಳಗ ಭಾಳ ಮಂದಿ ಇದ್ದೀರಿ. ಆರತಿ ಹಾಡು, ಉರುಟಣಿ ಹಾಡು, ತೊಟ್ಟಿಲ ಹಾಡು, ಗೌರಿ ಹಾಡು, ಬೀಗರಿಗೆ ಚುಚ್ಚಿ ನಗಸೂ ಹಾಡು. ವಹಿಯೊಳಗ ಬರದಿಟ್ಟದ್ದು ಕಡಿಮಿ, ಬಾಯಾಗ ಇದ್ದದ್ದ ಜಾಸ್ತಿ. ಕಣ್ಣಾಗ ಮೋತಿಬಿಂದು ಬಂದ ಮ್ಯಾಲೆ ಆ ವಹೀನೂ ಅವರಿಗೆ ಕಾಣದಂಗಾತು. ಮಧ್ಯಾಹ್ನ ಊಟ ಆದ ಮ್ಯಾಲೆ ಅವರು ನನ್ನ ಬಾಜೂಕ ಕೂತು ಹೂಬತ್ತಿ ಹೊಸಕೋತ ಒಂದೊಂದ ಸಾಲು ಹೇಳೂದು, ನಾ ಬರಹದಾಗ ಒಂದೊಂದ ಅಕ್ಷರ ಹುಡುಕಿ ಒತ್ತೂದು. "ಅಷ್ಟ್ಯಾಕ ತಡಾ, ನಮ್ಮ ಕಾಲದಾಗ ಕುಂಬಾರ ಗಡಿಗಿ ಮಾಡ್ತಿದ್ದ ಇಷ್ಟೊತ್ತಿಗೆ" ಅಂತ ಚ್ಯಾಷ್ಟಿ ಬ್ಯಾರೆ. ಹಿಂಗ ಮಾಡಿ ಮಾಡಿ 112 ಹಾಡು ಆದುವು. ಆ ಕಾರ್ತೀಕದಾಗ ಅತ್ತಿಯವರು ಹ್ವಾದ್ರು.

ಪ್ರಿಂಟರ್ ಇದ್ದಿದ್ದಿಲ್ಲ. ಒಂದ ಫ್ಲಾಪಿಯೊಳಗ ಮದಲಿನ 40 ಹಾಡು ಹಾಕಿಟ್ಟಿದ್ದೆ. ಉಳದದ್ದು ನಾಳೆ ಹಾಕಿದ್ರಾತು, ನಾಡದ ಹಾಕಿದ್ರಾತು. ನನ್ನ ತಪ್ಪು ಅದು, ಯಾರ ಮ್ಯಾಲೂ ಹಾಕೂದಿಲ್ಲ.

ನಾದಿನಿ ಮಗ ಆಗ ಹುಬ್ಬಳ್ಳಿಯೊಳಗ ಎಂಜಿನಿಯರಿಂಗ್ ಓದ್ತಿದ್ದ. ಸೂಟಿಗೆ ಬಂದವ ರೆಡ್ ಹ್ಯಾಟ್ 6.2 ಅನ್ನೂ ಲಿನಕ್ಸಿನ ಸಿಡಿ ತಂದಿದ್ದ. "ಮಾಮಿ, ಖಾಲಿ ಜಾಗಾದಾಗ ಹಾಕ್ತೀನಿ, ನಿಮ್ಮ ವಿಂಡೋಸ್ ಕೂದಲಾ ಕೊಂಕೂದಿಲ್ಲ" ಅಂದ. ಸಿಡಿಯಿಂದ ಕಂಪ್ಯೂಟರ್ ಎಬ್ಬಿಸಿ, ಕರೇ ಪರದೆ ಮ್ಯಾಲೆ ಡಿಸ್ಕಿನ ಪಟ್ಟಿ ತಗದು, "ಮಾಮಿ, ಇವಿಷ್ಟು ನಂಬರ್ ಬರಕೋರಿ, ಎಲ್ಲೆರೆ" ಅಂದ. ಕೈಗೆ ಸಿಕ್ಕದ್ದು ಹಾಲಿನ ಲೆಕ್ಕದ ವಹಿ. ಏಪ್ರಿಲ್ ತಿಂಗಳ ಪಾನಿನ ಕೆಳಗ ಬರಕೊಂಡೆ. ಸಿ: 1ರಿಂದ 765. ದೊಡ್ಡ ಪಾಲು: 766ರಿಂದ 1785. ಅದರೊಳಗ ಡಿ: 766ರಿಂದ 1785, ಜಾತಿ 'ಬಿ'. ಡಿಸ್ಕಿನ ಕಡೇ ನಂಬರ್ 2434.

ಈ ನಂಬರ್ ಏನಂದ್ರ, ಸಿಲಿಂಡರ್. ಡಿಸ್ಕನ್ನ ಗೋಲ ಗೋಲ ಸುತ್ತಾಗಿ ಎಣಿಸೂ ಒಂದು ರೀತಿ. ನಮ್ಮ ಡಿಸ್ಕಿನ್ಯಾಗ ಒಂದೊಂದು ಸುಮಾರು 8 ಎಂಬಿ. ಹೊಲದಾಗ ಕೂರಗಿ ಲೆಕ್ಕ ಇದ್ದಂಗ ಅಂತ ತಿಳಕೋರಿ.

ಡಿಸ್ಕಿನ ವಾಟ್ನಿ ಪತ್ರ ಇರೂದು ಎಲ್ಲೆ ಗೊತ್ತೇನು? ಎಲ್ಲಕ್ಕಿಂತ ಮದಲಿನ ಸೆಕ್ಟರಿನ್ಯಾಗ. ಆ ಸೆಕ್ಟರ್ 512 ಬೈಟು. ಅದರಾಗ 446 ಬೈಟು ಕಂಪ್ಯೂಟರ್ ಎಬ್ಬಿಸೂ ಸಣ್ಣ ಪ್ರೋಗ್ರಾಮಿಗೆ, ಕಡೇ 2 ಬೈಟು ಗುರುತಿನ ಸಿಕ್ಕಾ, ನಡುವ 64 ಬೈಟು ವಾಟ್ನಿಗೆ. ಒಂದು ಎಸ್ಸೆಮ್ಮೆಸ್ಸಿನ ಅರ್ಧಕ್ಕಿಂತ ಕಡಿಮಿ! ಒಬ್ಬೊಬ್ಬ ವಾರಸುದಾರಗ 16 ಬೈಟು: ಎಲ್ಲಿಂದ ಶುರು, ಎಷ್ಟ ಉದ್ದ, ಯಾವ ಜಾತಿ. ಹದಿನಾರ ನಾಕಲೇ ಅರವತ್ನಾಕು. ಅಂದ್ರ ನಾಕ ಪಾಲು, ಮುಗೀತು. ಐದನೆಯವ ಬಂದ್ರ ಪತ್ರದಾಗ ಜಾಗಾನ ಇಲ್ಲ. ಅದಕ್ಕ ಯಾರೋ ಶ್ಯಾಣ್ಯಾ ಒಂದು ದಾರಿ ಮಾಡ್ಯಾನ. ನಾಕರಾಗ ಒಂದನ್ನ 'ಎಕ್ಸ್‌ಟೆಂಡೆಡ್' ಅಂತ ಮಾಡಿ, ಅದರ ಹೊಟ್ಟ್ಯಾಗ ಬೇಕಾದಷ್ಟು ಸಣ್ಣ ಪಾಲು ಮಾಡೂದು. ಇವರ ಹೆಸರು ಮುಖ್ಯ ಪತ್ರದಾಗ ಇರೂದಿಲ್ಲ, ಆ ದೊಡ್ಡ ಪಾಲಿನ ಒಳಗ ಒಂದರಿಂದ ಒಂದಕ್ಕ ಚೀಟಿ ಕಟ್ಟಿರ್ತಾರ. ನಮ್ಮ ಡಿ ಅಂಥಾ ಒಳಗಿನ ಪಾಲು. ಇದನ್ನ ನೆನಪಿಡ್ರಿ.

ನಾದಿನಿ ಮಗ ಖಾಲಿ ಜಾಗಾದಾಗ ಎರಡು ಪಾಲು ಮಾಡಿದ. ಲಿನಕ್ಸಿಗೆ ಒಂದು, ಅದರ ಅದಲಾಬದಲಿ ಜಾಗಾಕ್ಕ ಒಂದು. ನಾಕಕ್ಕ ನಾಕು ತುಂಬಿತು. ನಡುವ ಸಿಲಿಂಡರ್ ನಂಬರ್ ದೊಡ್ಡದಾತು ಅಂತ ಎಚ್ಚರಿಕಿ ಬಂತು. ಇಪ್ಪತ್ತು ವರ್ಷದ ಹುಡುಗ, ಎಚ್ಚರಿಕಿ ಯಾಕ ಓದ್ತಾನ? ಬ್ಯಾರೆ ಒಂದ ಕಡೆ ಟಿಕ್ ಹಾಕಿ ದಾಟಿಬಿಟ್ಟ. ಎಲ್ಲಾ ಮುಗದು ಚಾಲೂ ಮಾಡಿದ್ರ ಪರದೆ ಮ್ಯಾಲೆ ಎರಡ ಅಕ್ಷರ ಬಂದು ನಿಂತುವು: ಎಲ್, ಐ. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ಲಿಲೋ ಅನ್ನೂ ಆ ಎಬ್ಬಿಸೂ ಪ್ರೋಗ್ರಾಮ್ ತನ್ನ ಹೆಸರಿನ ನಾಕ ಅಕ್ಷರ ಒಂದೊಂದಾಗಿ ಬರೀತದ, ಒಂದೊಂದು ಮೆಟ್ಟಿಲು ದಾಟಿದಂಗ ಒಂದೊಂದು. ಅರ್ಧಕ್ಕ ನಿಂತ್ರ ಅರ್ಧಾ ಮೆಟ್ಟಿಲಿನ ಮ್ಯಾಲೆ ಬಿದ್ದದ ಅಂತ ಅರ್ಥ.

ಯಾಕ ಬಿತ್ತು ಅನ್ನೂದು ನನಗ ಲಗೂನ ತಿಳೀತು. ಅವ ಪುಸ್ತಕ ಹುಡುಕಿ ಹೇಳೂದರಾಗ ನಾ, "ಹಿಂದಿನ ಮನಿಗೆ ಹಾದಿ ಇಲ್ಲಲಾ?" ಅಂದೆ. ಯಾಕಂದ್ರ ಅದ ಹೊತ್ತಿನ್ಯಾಗ ನಮ್ಮ ಖರೇ ಮನೀದೂ ವಾಟ್ನಿ ಆಗಿತ್ತು. ಮುಂದಿನ ಕಟ್ಟಿ, ಪಡಸಾಲಿ ಹಿರೇ ಭಾವನವರಿಗೆ. ನಡುಮನಿ, ಬಾಜೂ ಖೋಲಿ ಮೈದುನಗ. ಹಿಂದಿನ ಅಡಗಿಮನಿ, ಹಿತ್ತಲ ನಮಗ. ಪತ್ರದಾಗ ಚೌಕ ಫೂಟು ಬರೋಬ್ಬರಿ ಬರದಿದ್ರು, ಬಾವಿ ಯಾರಿಗೆ ಅಂತ ಬರದಿದ್ರು, ತೆಂಗಿನ ಗಿಡ ಯಾರಿಗೆ ಅಂತ ಬರದಿದ್ರು. ಹಿಂದಿನವರು ಬೀದಿಯಿಂದ ಒಳಗ ಹೆಂಗ ಬರಬೇಕು ಅನ್ನೂದನ್ನ ಮಾತ್ರ ಯಾರೂ ಬರದಿದ್ದಿಲ್ಲ. ಆರು ತಿಂಗಳು ಜಗಳ. ನೆಗೆಣ್ಣಿ ಅಕ್ಕ ನನ್ನ ಕೂಡ ಮಾತ ಬಿಟ್ಟಿದ್ರು. (ಈಗ ಅವರೂ ಇದನ್ನ ಓದ್ತಾರ. ಅಕ್ಕಾ, ಸಿಟ್ಟಾಗಬ್ಯಾಡ್ರಿ, ಮುಂದ ನಿಮ್ಮ ಛಲೋ ಮಾತೂ ಬರದೀನಿ.)

ಡಿಸ್ಕಿಂದೂ ಹಂಗ. ಬಟನ್ ಒತ್ತಿದ ಕೂಡಲೇ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಇನ್ನೂ ಎದ್ದಿರೂದಿಲ್ಲ. ಬಯೋಸ್ ಅನ್ನೂ ಬಾಗಲಾ ಕಾಯೂ ಮುದುಕ ಒಬ್ಬನ ಎಚ್ಚರಿರ್ತಾನ. ಅವ ಮದಲಿನ ಸೆಕ್ಟರ್ ತಂದು ಕೊಡ್ತಾನ. ಅದರಾಗಿನ ಲಿಲೋ, "ಹಿಂದಿನ ಖೋಲ್ಯಾಗ ಲಿನಕ್ಸ್ ಮಲಗೇದ, ಎಬ್ಬಿಸಿ ತಾ" ಅಂತ ಅವನಿಗೇ ಹೇಳ್ತದ. ಆದ್ರ ಹಳೇ ರೀತಿಯೊಳಗ ಅವಗ ಸಿಲಿಂಡರ್ ನಂಬರ್ ಹೇಳಲಿಕ್ಕೆ ಇದ್ದದ್ದು ಬರೇ 10 ಬಿಟ್ಟು. ಒಂದನ್ನ ಹತ್ತು ಸರ್ತೆ ದುಪ್ಪಟ್ಟು ಮಾಡಿದ್ರ 1024. ಹೆಡ್ಡು 255, ಸೆಕ್ಟರ್ 63, ಒಂದೊಂದು 512 ಬೈಟು. ಎಲ್ಲಾ ಗುಣಿಸಿದ್ರ 8.4 ಜಿಬಿ. ಅದರಾಚೆ ಆ ಮುದುಕಗ ಕತ್ತಲಿ. ನಮ್ಮ ಲಿನಕ್ಸ್ ಮಲಗಿದ್ದು 1786ನೇ ಸಿಲಿಂಡರಿನ ಆಚೆ. ಲಿನಕ್ಸ್ ಒಮ್ಮೆ ಎದ್ದತಂದ್ರ ಇಡೀ ಡಿಸ್ಕು ತಾನ ಅಡ್ಡಾಡ್ತದ, ಮುದುಕನ ಹಂಗಿಲ್ಲ. ಏಳೂತನಾನ ತ್ರಾಸು. ಹೊಸಾ ಬಯೋಸುಗಳಿಗೆ ಮುಂದ ನೋಡೂ ಬ್ಯಾರೆ ರೀತಿ ಬಂದಿತ್ತು, ಆದ್ರ ಆ ಸಿಡಿಯೊಳಗಿನ ಲಿಲೋಕ್ಕ ಆ ರೀತಿ ಕೇಳಲಿಕ್ಕೆ ಬರ್ತಿದ್ದಿಲ್ಲ.

ಅವತ್ತು ವಿಂಡೋಸ್ ವಾಪಸ್ ಬಂದದ್ದು ಒಂದು ಫ್ಲಾಪಿಯಿಂದ. ವಿಂಡೋಸ್ 98ರ ಸ್ಟಾರ್ಟಪ್ ಫ್ಲಾಪಿ ಹಾಕಿ 'ಎಫ್‌ಡಿಸ್ಕ್' ಅಂತ ಬರದು, ಓರೆ ಗೆರಿ ಎಳದು 'ಎಂಬಿಆರ್' ಅಂತ ಹೊಡದ. ಅದು ಎಬ್ಬಿಸೂ ಪ್ರೋಗ್ರಾಮ್ ಅಷ್ಟ ಹೊಸಾದು ಮಾಡ್ತದ, ವಾಟ್ನಿ ಮುಟ್ಟೂದಿಲ್ಲ. ವಿಂಡೋಸ್ ಬಂತು, ಡಿ ತಗದು ನೋಡಿದೆ, ಹಾಡು ಇದ್ದುವು. ಅವತ್ತರೆ ನಾ ಅವನ್ನ ಫ್ಲಾಪಿಗೆ ಹಾಕಬೇಕಿತ್ತು! ಸಂಜೀ ಮುಂದ ಯಾರೋ ಅರಿಷಿಣ ಕುಂಕುಮಕ್ಕ ಕರದಿದ್ರು, ಹೋದೆ.

ಮರುದಿನ ಹುಡುಗ ಹೊಸಾ ಉಪಾಯ ಮಾಡಿದ. 1024ರ ಒಳಗ ಒಂದು ಸಣ್ಣ ಪಾಲು ಬೇಕು, ಲಿನಕ್ಸ್ ಎಬ್ಬಿಸಲಿಕ್ಕೆ ಬೇಕಾದ ಫೈಲು ಅಷ್ಟ ಅಲ್ಲೆ ಇರ್ತಾವ, ಮೈಯೆಲ್ಲಾ ಹಿಂದ ಮಲಗಲಿ. ಭಾವನವರು ಕಡೀಕ ನಮಗ ಪಡಸಾಲಿ ಬಾಜೂಕ ಮೂರ ಫೂಟು ಬೋಳ ಬಿಟ್ಟುಕೊಟ್ರಲಾ, ಹಂಗ. ಆ ಜಾಗಾ ಸಿ ಇಂದ ಕಡೀಬೇಕು. ಮದಲ ವಿಂಡೋಸಿನ ಡಿಫ್ರಾಗ್ ಹಚ್ಚಿ ಸಿ ಒಳಗಿನ ಸಾಮಾನೆಲ್ಲಾ ಮುಂದಕ್ಕ ಸರಸಿದ. ಆ ಬಣ್ಣ ಬಣ್ಣದ ಚೌಕಟ್ಟು ಒಂದೊಂದಾಗಿ ಸರಿಯೂದನ್ನ ನಾ ರಂಗೋಲಿ ನೋಡಿದಂಗ ನೋಡಿಕೋತ ಕೂತಿದ್ದೆ. ಆಮ್ಯಾಲೆ ಫಿಪ್ಸ್ ಅನ್ನೂ ಪ್ರೋಗ್ರಾಮಿನಿಂದ ಸಿ ಕೊನಿ ಕತ್ತರಿಸೂದು. ಅದಕ್ಕೂ ಪತ್ರದಾಗ ಒಂದು ಸಾಲು ಖಾಲಿ ಬೇಕು, ಹಿಂಗಾಗಿ ನಿನ್ನಿ ಹಾಕಿದ್ದ ಲಿನಕ್ಸಿನ ಎರಡೂ ಪಾಲು ತಗದ. ಸಿ 760ಕ್ಕ ನಿಂತಿತು. 761ರಿಂದ 765, ಸುಮಾರು 40 ಎಂಬಿ, ಬೋಳ.

ಈಗ ಎಣಸ್ರಿ. ಸಿ ಒಂದು, ಡಿ ಇರೂ ದೊಡ್ಡ ಪಾಲು ಎರಡು, ಬೋಳ ಮೂರು, ಲಿನಕ್ಸ್ ನಾಕು, ಅದಲಾಬದಲಿ ಐದು. ಐದನೇದಕ್ಕ ಜಾಗಾ ಇಲ್ಲ. ಹಂಗಾದ್ರ ದೊಡ್ಡ ಪಾಲನ್ನ ಡಿಸ್ಕಿನ ಕಡೀತನ ಎಳದು, ಲಿನಕ್ಸಿನ ಎರಡನ್ನೂ ಅದರ ಹೊಟ್ಟ್ಯಾಗ ಹಾಕಬೇಕು. ವಿಚಾರ ಬರೋಬ್ಬರಿನ ಇತ್ತು. ಮಾಡೂದರಾಗ ತಪ್ಪಿದ. ದೊಡ್ಡ ಪಾಲನ್ನ ಅಳಿಸಿ, 766ರಿಂದ 2434ರ ತನಕ ಹೊಸಾದ ಬರದು, ಡಬ್ಲ್ಯೂ ಒತ್ತಿದ. ಆ ಎಫ್‌ಡಿಸ್ಕಿನ್ಯಾಗ ಡಬ್ಲ್ಯೂ ಒತ್ತೂತನಾ ಏನೂ ಡಿಸ್ಕಿಗೆ ಹೋಗೂದಿಲ್ಲ. ಒತ್ತಿದ ಮ್ಯಾಲೆ ಸಹಿ ಬಿದ್ದಂಗ. ದೊಡ್ಡ ಪಾಲು ಅಳಿಸಿದ್ರ ಅದರ ಹೊಟ್ಟ್ಯಾಗಿನ ಡಿ ಚೀಟೀನೂ ಹೋಗ್ತದ ಅನ್ನೂದು ಅವನ ಲಕ್ಷ್ಯಕ್ಕ ಬಂದಿದ್ದಿಲ್ಲ.

ನಾ ಅಡಗಿಮನ್ಯಾಗ ಭಕ್ಕರಿ ಬಡೀತಿದ್ದೆ. "ಮಾಮಿ" ಅಂದ. ದನಿಯಾಗನ ತಿಳೀತು. ಬಂದು ವಿಂಡೋಸಿನ್ಯಾಗ ಡಿ ಮ್ಯಾಲೆ ಒತ್ತಿದ್ರ, ಸಿಡಿ ಹಾಕ್ರಿ ಅಂತ ಕೇಳ್ತು. ಡಿ ಅನ್ನೂ ಹೆಸರು ಸಿಡಿ ಡ್ರೈವಿಗೆ ಹೋಗಿಬಿಟ್ಟಿತ್ತು. ನಿನ್ನಿತನಾ ಅತ್ತಿಯವರು ಕೂತಿದ್ದ ಮಣಿ ಮ್ಯಾಲೆ ಯಾರೋ ಬಂದು ಕೂತಂಗ ಆತು ನಂಗ.

ನಾ ಬೈಲಿಲ್ಲ. ಬೈಬೇಕಂದ್ರ ಬಾಯಿ ಬರಲಿಲ್ಲ. ಅವನೂ ಅಜ್ಜಿ ತೊಡಿ ಮ್ಯಾಲೆ ಬೆಳದವ, ಮಾರಿ ಸಣ್ಣದಾಗಿತ್ತು. ಭಕ್ಕರಿ ಹಂಚಿನ ಮ್ಯಾಲೆ ಕರ್ರಗಾದ ವಾಸನಿ ಬರ್ಲಿಕ್ಕೆ ಹತ್ತಿದ ಮ್ಯಾಲೆ ಎದ್ದೆ. ಆ ವಾಸನಿಗೋ, ನಾ ಅತ್ತದ್ದು ಕೇಳಿಯೋ, ಬೋಳದಿಂದ ನೆಗೆಣ್ಣಿ ಅಕ್ಕ ಬಂದ್ರು. ಆರು ತಿಂಗಳ ಮ್ಯಾಲೆ ಮದಲನೇ ಸರ್ತೆ. "ಏನಾತು?" ಅಂದ್ರು. ಹೇಳಿದೆ. ಸ್ವಲ್ಪ ಹೊತ್ತು ನಿಂತ್ರು. ಆಮ್ಯಾಲೆ ಮಣಿ ಎಳಕೊಂಡು ಕೂತು, "ನನಗ ಒಂದ ಮೂವತ್ತು ಬರ್ತಾವ. ಬರಕೋ" ಅಂದ್ರು. ಹಾಲಿನ ವಹಿ ಅವರ ಎದುರಿಗೇ ಬಿದ್ದಿತ್ತು. ಪೆನ್ನು ತಗೊಂಡು ತಗದೆ. ಖಾಲಿ ಪಾನು ಹುಡುಕುವಾಗ ಏಪ್ರಿಲ್ ತಿಂಗಳು ಬಂತು. 766, 1785, ಬಿ.

"ಇವು ನಿನ್ನಿ ನೀ ಬರಸಿದ ನಂಬರ್" ಅಂತ ಹುಡುಗಗ ತೋರಿಸಿದೆ. ಅವ ವಹಿ ಕಸಗೊಂಡ.

ಪಾಲು ಅಳಿಸೂದು ಅಂದ್ರ ಪತ್ರ ಹರಿಯೂದು, ಮನಿ ಕೆಡವೂದಲ್ಲ. ಡಿ ಒಳಗಿನ ಸಾಮಾನು ಇದ್ದಲ್ಲೇ ಇತ್ತು. ಎಲ್ಲಿಂದ ಎಲ್ಲಿತನಾ ಅನ್ನೂ ಚೀಟಿ ಅಷ್ಟ ಹೋಗಿತ್ತು. ಮತ್ತ ಅದ ನಂಬರ್ ಹಾಕಿ ಪತ್ರ ಬರದ್ರ ಮನಿ ಬಾಗಲಾ ತಗೀತದ. ಆದ್ರ ಎರಡು ಎಚ್ಚರ. ಆ ಜಾಗಾದಾಗ ಏನೂ ಬರೀಬಾರದು, ಫಾರ್ಮ್ಯಾಟ್ ಅಂತ ಕೇಳಿದ್ರ ಹೂಂ ಅನ್ನಬಾರದು. ಡಾಸಿನ ಎಫ್‌ಡಿಸ್ಕಿನಿಂದ ಇದನ್ನ ಮಾಡಬಾರದು, ಅದು ಹೊಸಾ ಪಾಲು ಮಾಡುವಾಗ ಅದರ ಮದಲಿನ ಜಾಗಾದ ಮ್ಯಾಲೆ ಬರೀತದ. ಲಿನಕ್ಸಿನ ಎಫ್‌ಡಿಸ್ಕ್ ಚೀಟಿ ಅಷ್ಟ ಬರೀತದ. ಅವ ದೇವರ ಮನಿಗೆ ಹೋಗಿ ಕೈ ಮುಗದು ಬಂದು ಕೂತ. ನಾ ನಂಬರ್ ಓದಿದೆ, ಅವ ಒತ್ತಿದ. ಒಳಗಿನ ಪಾಲು, 766ರಿಂದ 1785. ಲಿನಕ್ಸ್ ತಾನಾಗೇ ಅದಕ್ಕ ತನ್ನ ಜಾತಿ ಕೊಟ್ಟಿತ್ತು, ಹಂಗ ಬಿಟ್ರ ವಿಂಡೋಸಿಗೆ ಕಾಣೂದಿಲ್ಲ. ಅದನ್ನ 'ಬಿ' ಮಾಡಿದ. ಡಬ್ಲ್ಯೂ ಒತ್ತೂ ಮುಂದ ನಾ ತಡದು, ವಹಿ ಮತ್ತ ಪರದೆ ಎರಡನ್ನೂ ಬೆರಳಿಟ್ಟು ಮೂರ ಸರ್ತೆ ಓದಿದೆ. ಅಕ್ಕನೂ ಓದಿದ್ರು, ಇಂಗ್ಲೀಷ್ ಬರ್ತಿದ್ದಿಲ್ಲ, ನಂಬರ್ ಬರ್ತಿದ್ದುವು.

ವಿಂಡೋಸ್ ಎದ್ದಿತು. ಡಿ ಬಂತು. 112 ಫೈಲು.

ಆಮ್ಯಾಲೆ ಹುಡುಗ ಲಿನಕ್ಸ್ ಹಾಕ್ತೀನಂದ, ನಾ ಬಿಡಲಿಲ್ಲ. ಮದಲ ಎರಡ ಹೊಸಾ ಫ್ಲಾಪಿ ತರಸಿ, ಎರಡರಾಗೂ ಎಲ್ಲಾ ಹಾಡು ಹಾಕಿ, ಒಂದು ನನ್ನ ಕಪಾಟಿನ್ಯಾಗ, ಒಂದು ಅಕ್ಕನ ಕಪಾಟಿನ್ಯಾಗ ಇಟ್ಟ ಮ್ಯಾಲೇ ಹೂಂ ಅಂದೆ. ಡಿ ಹಿಂದ 1786ರಿಂದ ಅದಲಾಬದಲಿ, ಅದರ ಹಿಂದ ಲಿನಕ್ಸ್, ಮುಂದ ಬೋಳ. ಚಾಲೂ ಮಾಡಿದ್ರ ಲಿಲೋ ನಾಕೂ ಅಕ್ಷರ ಬರದು, ಯಾರು ಬೇಕು ಅಂತ ಕೇಳ್ತು. ನಾಕ ವರ್ಷ ಆ ಕಂಪ್ಯೂಟರಿನ್ಯಾಗ ಎರಡೂ ಜಗಳಿಲ್ಲದ ಇದ್ದುವು.

ಅಕ್ಕ ಅವತ್ತು ಹಾಡು ಸಿಕ್ಕುವಂತ ಎದ್ದು ಹೋಗಲಿಲ್ಲ. "ನಾ ಹೇಳೂದು ಹೇಳತೀನಿ" ಅಂತ ಕೂತು ಹಾಡಿದ್ರು. ನೋಡಿದ್ರ ಅದ ಹಾಡು, ಅದ ಧಾಟಿ, ನಡುವ ಮಾತು ಬ್ಯಾರೆ. ಅತ್ತಿಯವರು ದೊಡ್ಡ ಸೊಸಿಗೆ ಒಂದು ಪಾಠ ಹೇಳಿಕೊಟ್ಟಿದ್ರು, ಇಪ್ಪತ್ತು ವರ್ಷದ ಮ್ಯಾಲೆ ನನಗ ಇನ್ನೊಂದು. ಯಾವುದು ಖರೇ ಅಂತ ಈಗೂ ನಮ್ಮಿಬ್ಬರಿಗೆ ವಾದ ಆಗ್ತದ. ಎರಡೂ ಇಟ್ಟೀವಿ.

ಇನ್ನ ಬಾಜೂ ಮನಿ ಹುಡಿಗಿ ಲ್ಯಾಪ್‌ಟಾಪಿನ ಮಾತು. ಈಗಿನ ಮಷೀನಿನ್ಯಾಗ ಈ ತ್ರಾಸು ಭಾಳ ಕಡಿಮಿ. ಬಯೋಸ್ ಮುದುಕನ ಜಾಗಾಕ್ಕ ಯುಇಎಫ್‌ಐ ಬಂದದ. ಹಳೇ ಪತ್ರದಾಗ 2 ಟಿಬಿ ದಾಟಿದ ಡಿಸ್ಕ್ ಪೂರಾ ಬರೀಲಿಕ್ಕೆ ಬರ್ತಿದ್ದಿಲ್ಲ. ಈಗಿನ ಪತ್ರಕ್ಕ ಜಿಪಿಟಿ ಅಂತಾರ, ಅದರಾಗ ಸಾಮಾನ್ಯಕ್ಕ 128 ಪಾಲಿಗೆ ಜಾಗಾ ಇರ್ತದ, ಮತ್ತ ಪತ್ರದ್ದ ಇನ್ನೊಂದು ಪ್ರತಿ ಡಿಸ್ಕಿನ ಕಡೀಕ ಇಟ್ಟಿರ್ತಾರ. ನಮ್ಮ ಬೋಳಕ್ಕ ಈಗ ಇಎಫ್‌ಐ ಪಾಲು ಅಂತ ಹೆಸರು, ಎರಡೂ ಸಿಸ್ಟಂ ಅದನ್ನ ಹಂಚಿಕೊಂಡು ಇರ್ತಾವ. ಅದನ್ನ ಮಾತ್ರ ಫಾರ್ಮ್ಯಾಟ್ ಮಾಡಬಾರದು. ವಿಂಡೋಸ್ ಪಾಲನ್ನ ಸಣ್ಣದು ಮಾಡೂದು ವಿಂಡೋಸಿನ ಒಳಗಿಂದನ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಬೇಕು, ಇಲ್ಲಾಂದ್ರ ವಿಂಡೋಸ್ ಅರ್ಧಾ ಮಲಗಿ ಬಾಗಲಾ ಒಳಗಿಂದ ಹಾಕಿಕೊಂಡಿರ್ತದ. ಬಿಟ್‌ಲಾಕರ್ ಇದ್ರ ಅದರ ರಿಕವರಿ ಕೀ ಮದಲ ಬರದಿಟ್ಟುಕೋಬೇಕು, ಹೊಸಾ ಸಿಸ್ಟಂ ಬಂದದ್ದು ನೋಡಿ ಅದು ಸಂಶಯಪಟ್ಟು ಕೀಲಿ ಕೇಳಬಹುದು.

ಇಷ್ಟು ಹೇಳಿ ಹುಡಿಗಿಗೆ, ಒಂದು ಪೆನ್ ಡ್ರೈವ್ ತಗೊಂಡು ಐತವಾರ ಬಾ ಅಂದೀನಿ, ಮದಲ ನಿಮ್ಮಜ್ಜಿ ಫೋಟೋ ತಗದಿಡೂಣು. "ಮತ್ತೇನು ತರಲಿ ಕಾಕೂ?" ಅಂದ್ಲು. ಒಂದು ವಹಿ, ಒಂದು ಪೆನ್ನು ಅಂದೆ. "ಫೋನಿನ್ಯಾಗ ಫೋಟೋ ಹೊಡಕೊಂಡ್ರ ಆಗೂದಿಲ್ಲೇನು?" ಅಂತ ಕೇಳಿದ್ಲು. ಆಗ್ತದ. ಆದ್ರೂ ವಹಿ ತಾ ಅಂದೀನಿ.